ಸಹಿ ಇರುವ ಮೊದಲ ಮುದ್ರಣ ಮಾರುವ ಮುಂಚೆ

ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಬಳ್ಳಾರಿ ಗಾಂಧಿನಗರದ ಮನೆಯನ್ನು ಈ ವರ್ಷ ಖಾಲಿ ಮಾಡಬೇಕು. ಅಮ್ಮ ನನ್ನ ಜೊತೆ ಕೊಪ್ಪಳಕ್ಕೆ ಬರುತ್ತಾರೆ. ನಮ್ಮದು ಎರಡು ರೂಮಿನ ಮನೆ, ಅಪ್ಪನ ನಾಲ್ಕು ಕಪಾಟು ಪುಸ್ತಕ ಅಲ್ಲಿ ಹಿಡಿಸುವುದಿಲ್ಲ. ಸಿರುಗುಪ್ಪದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಅಪ್ಪ ಸಂಬಳ ಬಂದ ತಿಂಗಳು ಒಂದಾದರೂ ಪುಸ್ತಕ ತರುತ್ತಿದ್ದರು. ಸಾಹಿತಿಗಳು ಊರಿಗೆ ಬಂದರೆ ಆ ಪುಸ್ತಕ ಹಿಡಿದು ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದರು. ಹಾಗೆ ಮೊದಲ ಮುದ್ರಣವೂ ಆಗಿದ್ದು ಲೇಖಕರ ಸಹಿಯೂ ಇರುವ ಹನ್ನೊಂದು ಪುಸ್ತಕ ಸಿಕ್ಕವು. ಐದು ಮಾರಿದ್ದೇನೆ, ಆರು ಉಳಿದಿವೆ. ಅದಕ್ಕೇ ಇಲ್ಲಿ ಯಾವ ಪುಸ್ತಕ, ಎಷ್ಟಕ್ಕೆ ಹೋಯಿತು ಅಂತ ಬರೆಯುತ್ತಿಲ್ಲ. ಮಾರುವಾಗ ಕಲಿತದ್ದನ್ನು ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆ ಇಂಥ ಕಪಾಟು ಇರುವ ಮನೆಗಳು ತುಂಬಾ ಇವೆ, ಮತ್ತು ಅವುಗಳಲ್ಲಿ ಹೆಚ್ಚಿನವು ರದ್ದಿ ಅಂಗಡಿಗೆ ಕಿಲೋ ಲೆಕ್ಕದಲ್ಲಿ ಹೋಗುತ್ತವೆ.

ಮೊದಲು ನಾನು ಒಬ್ಬ ಹಳೆ ಪುಸ್ತಕದ ವ್ಯಾಪಾರಿಗೆ ಫೋನ್ ಮಾಡಿದೆ. ಪುಸ್ತಕದ ಹೆಸರು ಕೇಳಿದರು, ವರ್ಷ ಕೇಳಿದರು, ಸಹಿ ಇದೆ ಅಂದೆ. "ಸಹಿ ಅವರದ್ದೇ ಅಂತ ಹೆಂಗ ಹೇಳ್ತೀರಿ?" ಅಂದರು. ಅಪ್ಪನ ಕಪಾಟಿನಲ್ಲಿ ಇತ್ತಲ್ಲ, ಇನ್ನೇನು ಬೇಕು ಅನ್ನಿಸಿತು. ಆದರೆ ಅವರಿಗೆ ನನ್ನ ಅಪ್ಪ ಯಾರು ಅಂತ ಗೊತ್ತಿಲ್ಲ. ಕೊಳ್ಳುವವರು ದುಡ್ಡು ಕೊಡುವುದು ನಾವು ತೋರಿಸಿಕೊಡಬಲ್ಲ ಸಂಗತಿಗೆ. ಇಷ್ಟು ಅರ್ಥ ಆಗಲು ನನಗೆ ಎರಡು ತಿಂಗಳು ಹಿಡಿಯಿತು.

ತೋರಿಸಿಕೊಡಬೇಕಾದ ಮೊದಲ ಸಂಗತಿ, ಇದು ನಿಜವಾಗಿ ಮೊದಲ ಮುದ್ರಣವೇ ಅನ್ನುವುದು. ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿ. ಕನ್ನಡ ಪುಸ್ತಕಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಮೊದಲ ಮುದ್ರಣ ಯಾವ ವರ್ಷ, ಪ್ರತಿಗಳು ಎಷ್ಟು, ಬೆಲೆ ಎಷ್ಟು, ಅಚ್ಚಾದದ್ದು ಯಾವ ಪ್ರೆಸ್ಸಿನಲ್ಲಿ ಅಂತ ಇರುತ್ತದೆ. ಮುದ್ರಣ, ಆವೃತ್ತಿ ಎರಡನ್ನೂ ನಮ್ಮ ಪ್ರಕಾಶಕರು ಒಂದರ ಬದಲು ಇನ್ನೊಂದು ಬಳಸಿಬಿಡುತ್ತಾರೆ, ಆದರೆ ವ್ಯತ್ಯಾಸ ಇದೆ. ಅದೇ ಪಠ್ಯವನ್ನು ಮತ್ತೆ ಅಚ್ಚು ಹಾಕಿದರೆ ಅದು ಮರುಮುದ್ರಣ, ಲೇಖಕರು ತಿದ್ದಿ ಸೇರಿಸಿ ಮತ್ತೆ ತಂದರೆ ಅದು ಹೊಸ ಆವೃತ್ತಿ. ಸಂಗ್ರಾಹಕರಿಗೆ ಬೇಕಾಗುವುದು ಮೊದಲ ಆವೃತ್ತಿಯ ಮೊದಲ ಮುದ್ರಣ. 'ಮೊದಲ ಮುದ್ರಣ: 1965, ಎರಡನೆಯ ಮುದ್ರಣ: 1971' ಅಂತ ಎರಡೂ ಸಾಲು ಇದ್ದರೆ ನಿಮ್ಮ ಕೈಯಲ್ಲಿರುವುದು 1971ರದ್ದು. ಮೇಲಿನ ಸಾಲು ಮಾತ್ರ ಓದಿ ಖುಷಿಪಟ್ಟವರನ್ನು ನಾನು ಕಂಡಿದ್ದೇನೆ.

ಕೆಲವು ಪುಸ್ತಕಗಳಲ್ಲಿ ವರ್ಷವೇ ಇರುವುದಿಲ್ಲ, ಕೆಲವದರಲ್ಲಿ ಆ ಹಾಳೆಯೇ ಕಿತ್ತುಹೋಗಿರುತ್ತದೆ. ಆಗ ಬೇರೆ ಗುರುತು ಹುಡುಕಬೇಕು, ಮತ್ತು ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ಬೆಲೆ ನೋಡಿ. ರೂಪಾಯಿ-ಆಣೆಯಲ್ಲಿ ಇದ್ದರೆ ಪುಸ್ತಕ ಹೆಚ್ಚುಕಡಿಮೆ 1957ಕ್ಕಿಂತ ಹಿಂದಿನದು, ಯಾಕೆಂದರೆ ಆ ವರ್ಷ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯ ಲೆಕ್ಕ ಶುರುವಾಯಿತು. 'ನಯಾ ಪೈಸೆ' ಅಂತ ಇದ್ದರೆ 1957ರಿಂದ 1964ರ ಆಸುಪಾಸಿನದು. ಪ್ರಕಾಶಕರ ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಮುಂಚೆ ಅಚ್ಚಾಗಿರಲು ಸಾಧ್ಯವೇ ಇಲ್ಲ, ಆ ಪದ್ಧತಿ ಬಂದದ್ದೇ ಅವತ್ತು. 'ಮೈಸೂರು ರಾಜ್ಯ' ಅಂತ ಇದ್ದರೆ ಹೆಚ್ಚಾಗಿ 1973ರ ನವೆಂಬರ್‌ಗಿಂತ ಹಿಂದಿನದು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಹದಿಮೂರು ಅಂಕಿಯದಾಗಿದ್ದರೆ 2007ರ ಹೊತ್ತಿನದು ಅಥವಾ ಆಮೇಲಿನದು.

ಮುಖಪುಟವೂ ಮಾತಾಡುತ್ತದೆ. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಬಂದದ್ದು 1968ರಲ್ಲಿ, ಜ್ಞಾನಪೀಠ ಬಂದದ್ದು 1977ರಲ್ಲಿ. ಹಾಗಾಗಿ ಮುಖಪುಟದ ಮೇಲೆ ಜ್ಞಾನಪೀಠದ ಹೆಸರು ಅಚ್ಚಾಗಿದ್ದರೆ ಅದು ಮೊದಲ ಮುದ್ರಣ ಅಲ್ಲ, ಅಷ್ಟೇ. ಮಾಸ್ತಿಯವರ 'ಚಿಕವೀರ ರಾಜೇಂದ್ರ' 1956ರದ್ದು, ಪ್ರಶಸ್ತಿ 1983ರದ್ದು, ಅದಕ್ಕೂ ಇದೇ ಲೆಕ್ಕ. ಹಿಂಬದಿಯಲ್ಲಿ 'ಇದೇ ಲೇಖಕರ ಇತರ ಕೃತಿಗಳು' ಅನ್ನುವ ಪಟ್ಟಿ ಇರುತ್ತದಲ್ಲ, ಅದನ್ನೂ ನಿಧಾನವಾಗಿ ಓದಿ. ಪುಸ್ತಕದ ವರ್ಷಕ್ಕಿಂತ ಆಮೇಲೆ ಬಂದ ಕೃತಿಯ ಹೆಸರು ಅಲ್ಲಿದ್ದರೆ ಸಂಶಯಪಡಬೇಕು.

ಇನ್ನು ಬೆರಳು. ಹಳೆಯ ಪುಸ್ತಕಗಳನ್ನು ಅಚ್ಚುಮೊಳೆ ಜೋಡಿಸಿ ಒತ್ತಿ ಮುದ್ರಿಸುತ್ತಿದ್ದರು. ಹಾಳೆಯ ಹಿಂಬದಿಯನ್ನು ಕಣ್ಣುಮುಚ್ಚಿ ಸವರಿದರೆ ಅಕ್ಷರದ ಒತ್ತು ಸಣ್ಣಗೆ ಬೆರಳಿಗೆ ಸಿಗುತ್ತದೆ. ಆಮೇಲೆ ಬಂದ ಆಫ್‌ಸೆಟ್ ಮುದ್ರಣದಲ್ಲಿ ಮೊಳೆಯ ಒತ್ತು ಇಲ್ಲ, ಹಾಳೆ ನುಣ್ಣಗಿರುತ್ತದೆ. ಕೊನೆಯಲ್ಲಿ ತಪ್ಪು-ಒಪ್ಪು ಪಟ್ಟಿ ಇದ್ದರೆ ಜೋಪಾನ ಮಾಡಿ, ಅದು ಬಿಡಿ ಚೀಟಿಯಾಗಿದ್ದರೆ ಇನ್ನೂ ಜೋಪಾನ. ಮುಂದಿನ ಮುದ್ರಣದಲ್ಲಿ ತಪ್ಪು ತಿದ್ದಿ ಆ ಪಟ್ಟಿ ತೆಗೆದುಬಿಡುತ್ತಾರೆ. ಒಂದು ವಿಷಯದಲ್ಲಿ ಮಾತ್ರ ಹೆದರಬೇಡಿ. ಅಚ್ಚಾದ ಬೆಲೆಯ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿದ್ದರೆ, ರಬ್ಬರ್ ಸ್ಟ್ಯಾಂಪ್ ಹೊಡೆದಿದ್ದರೆ, ಅದು ಎರಡನೆಯ ಮುದ್ರಣ ಆಗುವುದಿಲ್ಲ. ಸಾವಿರ ಪ್ರತಿ ಖರ್ಚಾಗಲು ವರ್ಷಗಟ್ಟಲೆ ಹಿಡಿಯುತ್ತಿತ್ತು, ಅಷ್ಟರಲ್ಲಿ ಬೆಲೆ ಬದಲಾಗುತ್ತಿತ್ತು.

ಅಪ್ಪನ ಹತ್ತಿರ ಇಂಗ್ಲಿಷ್ ಪುಸ್ತಕ ಕಮ್ಮಿ. ನಿಮ್ಮಲ್ಲಿ ಇದ್ದರೆ ಶೀರ್ಷಿಕೆ ಪುಟದ ಹಿಂಬದಿಯಲ್ಲಿ 10ರಿಂದ 1ರವರೆಗಿನ ಅಂಕಿಗಳ ಸಾಲು ಇದೆಯೇ ನೋಡಿ. ಪ್ರತಿ ಮರುಮುದ್ರಣಕ್ಕೆ ಸಾಲಿನ ಅತಿ ಸಣ್ಣ ಅಂಕಿಯನ್ನು ತೆಗೆಯುತ್ತಾರೆ. ಈಚಿನ ದಶಕಗಳ ಪುಸ್ತಕಗಳಲ್ಲಿ 1 ಉಳಿದಿದ್ದರೆ ಸಾಮಾನ್ಯವಾಗಿ ಅದು ಮೊದಲ ಮುದ್ರಣ.

ಈಗ ಸಹಿಗೆ ಬರೋಣ. ಬಹಳ ಪುಸ್ತಕಗಳಲ್ಲಿ ಮುನ್ನುಡಿಯ ಕೆಳಗೆ ಲೇಖಕರ ಸಹಿಯನ್ನೇ ಬ್ಲಾಕ್ (ಚಿತ್ರದ ಅಚ್ಚು) ಮಾಡಿಸಿ ಅಚ್ಚು ಹಾಕಿರುತ್ತಾರೆ. ಅದು ಸಹಿ ಹಾಕಿದ ಪ್ರತಿ ಅಲ್ಲ. ಭೂತಗನ್ನಡಿ ಹಿಡಿದು ನೋಡಿ. ಪೆನ್ನಿನ ಶಾಯಿ ಒಂದು ಕಡೆ ಗಾಢ, ಒಂದು ಕಡೆ ತೆಳು ಇರುತ್ತದೆ, ಗೆರೆ ಒಂದರ ಮೇಲೊಂದು ಹಾಯುವ ಕಡೆ ಕಪ್ಪಾಗಿರುತ್ತದೆ, ಹಳೆಯ ಕಾಗದದಲ್ಲಿ ನಾರಿನ ಗುಂಟ ಸ್ವಲ್ಪ ಹರಡಿರುತ್ತದೆ. ಅಚ್ಚಾದ ಸಹಿ ಎಲ್ಲಾ ಕಡೆ ಒಂದೇ ಸಮ ಇರುತ್ತದೆ. ರಬ್ಬರ್ ಸ್ಟ್ಯಾಂಪಿನ ಸಹಿಯಲ್ಲಿ ಅಂಚಿನಲ್ಲಿ ಶಾಯಿ ಕೂತು ನಡುವೆ ಬೆಳ್ಳಗಾಗಿರುತ್ತದೆ.

ಆಮೇಲೆ ದಿನಾಂಕದ ಲೆಕ್ಕ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಜೆಲ್ ಪೆನ್ನಿನ ಶಾಯಿ ಜಗತ್ತಿಗೇ ಬಂದದ್ದು 1984ರಲ್ಲಿ. ಜೆಲ್ ಪೆನ್ನಿನಲ್ಲಿ ಬೇಂದ್ರೆಯವರ ಸಹಿ ಇದೆ ಅಂತ ಯಾರಾದರೂ ತೋರಿಸಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ಮಾಸ್ತಿ 1986, ಕುವೆಂಪು 1994, ಕಾರಂತ 1997, ತೇಜಸ್ವಿ 2007ರಲ್ಲಿ ತೀರಿಕೊಂಡರು. ಈ ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಪುಸ್ತಕ ಅಚ್ಚಾದ ವರ್ಷ ಅದಕ್ಕಿಂತ ಆಮೇಲಿನದಾದರೆ ಸಹಿ ಸುಳ್ಳು. ಇದು ತೀರಾ ಸಣ್ಣ ಲೆಕ್ಕ ಅನ್ನಿಸುತ್ತದೆ, ಆದರೆ ದುಡ್ಡು ಕೊಟ್ಟು ಮೋಸಹೋಗುವವರು ಇದನ್ನೇ ಮಾಡಿರುವುದಿಲ್ಲ.

ಸಹಿಯಲ್ಲೂ ಬಗೆಗಳಿವೆ. ಬರೀ ಸಹಿ ಒಂದು. 'ಆತ್ಮೀಯ ಇಂಥವರಿಗೆ, ವಿಶ್ವಾಸದಿಂದ' ಅಂತ ಹೆಸರು ಬರೆದು ಕೊಟ್ಟದ್ದು ಇನ್ನೊಂದು. ಹೊರದೇಶದ ಮಾರುಕಟ್ಟೆಯಲ್ಲಿ ಬರೀ ಸಹಿಗೆ ಕೆಲವರು ಜಾಸ್ತಿ ಕೊಡುತ್ತಾರೆ, ಬೇರೆಯವರ ಹೆಸರು ತಮಗೆ ಬೇಡ ಅಂತ. ಆದರೆ ಆ ಹೆಸರು ಇನ್ನೊಬ್ಬ ಲೇಖಕರದ್ದೋ, ಪ್ರಕಾಶಕರದ್ದೋ, ಮುಖಪುಟ ಬರೆದ ಕಲಾವಿದರದ್ದೋ ಆದರೆ ಲೆಕ್ಕ ತಿರುಗಿಬಿಡುತ್ತದೆ, ಯಾಕೆಂದರೆ ಆಗ ಆ ಪುಸ್ತಕ ಇಬ್ಬರ ಸ್ನೇಹಕ್ಕೆ ಸಾಕ್ಷಿ ಆಗುತ್ತದೆ. ನನ್ನ ಅನಿಸಿಕೆ ಹೇಳುವುದಾದರೆ, ಕನ್ನಡದಲ್ಲಿ ಊರಿನ ಮೇಷ್ಟ್ರ ಹೆಸರಿಗೆ ಬರೆದುಕೊಟ್ಟ ಪ್ರತಿಯೂ ಬೆಲೆಯುಳ್ಳದ್ದೇ. ಸಹಿ ನಂಬಲು ಅದು ಸಹಾಯ ಮಾಡುತ್ತದೆ. ಖೋಟಾ ಸಹಿ ಹಾಕುವವರು ಸಿರುಗುಪ್ಪದ ಮೇಷ್ಟ್ರ ಹೆಸರು ಯಾಕೆ ಬರೆಯುತ್ತಾರೆ?

ಸಹಿಯ ಕೆಳಗೆ ಊರು, ತಾರೀಖು ಇದ್ದರೆ ಅದೇ ದೊಡ್ಡ ಆಸ್ತಿ. ನಮ್ಮ ಭಾಗದಲ್ಲಿ ಸಾಹಿತ್ಯ ಸಮ್ಮೇಳನಗಳು ಆಗಾಗ ನಡೆದಿವೆ. ಬಳ್ಳಾರಿಯಲ್ಲಿ 1958ರಲ್ಲಿ ವಿ.ಕೃ. ಗೋಕಾಕರು ಅಧ್ಯಕ್ಷರಾಗಿದ್ದರು, ಗಂಗಾವತಿಯಲ್ಲಿ 2011ರಲ್ಲಿ ಸಿ.ಪಿ. ಕೃಷ್ಣಕುಮಾರ್ (ಸಿಪಿಕೆ), ರಾಯಚೂರಿನಲ್ಲಿ 2016ರಲ್ಲಿ ಬರಗೂರು ರಾಮಚಂದ್ರಪ್ಪ. ಪುಸ್ತಕದಲ್ಲಿ 'ಬಳ್ಳಾರಿ, 1958' ಅಂತ ಇದ್ದು, ಆ ಸಮ್ಮೇಳನದ ಆಮಂತ್ರಣ ಪತ್ರವೋ ಫೋಟೋವೋ ಮನೆಯಲ್ಲಿ ಸಿಕ್ಕರೆ ಎರಡನ್ನೂ ಒಟ್ಟಿಗೆ ಇಡಿ. ಅಪ್ಪ ಅಂಗಡಿಯ ಬಿಲ್ಲನ್ನು ಕೊನೆಯ ಪುಟದಲ್ಲಿ ಮಡಿಚಿ ಇಡುತ್ತಿದ್ದರು. ಕಸ ಅಂತ ನಾನು ಎರಡು ಬಿಲ್ಲು ಎಸೆದುಬಿಟ್ಟೆ, ಈಗಲೂ ಅದಕ್ಕೆ ಬೇಜಾರು. ಪುಸ್ತಕದೊಳಗೆ ಸಿಕ್ಕ ಬಸ್ ಟಿಕೆಟ್ಟು, ಪೋಸ್ಟ್ ಕಾರ್ಡು, ಪತ್ರಿಕೆಯ ತುಣುಕು, ಒಂದನ್ನೂ ಎಸೆಯಬೇಡಿ. ಪತ್ರಿಕೆಯ ತುಣುಕನ್ನು ಮಾತ್ರ ಹೊರಗೆ ತೆಗೆದು ಬೇರೆ ಲಕೋಟೆಯಲ್ಲಿಡಿ, ಆ ಕಾಗದದ ಆಮ್ಲ ಪಕ್ಕದ ಪುಟವನ್ನೂ ಕಂದು ಮಾಡುತ್ತದೆ.

ಪುಸ್ತಕದೊಳಗೆ ಲೇಖಕರ ಕೈಬರಹದ ಪತ್ರ ಸಿಕ್ಕರೆ ಎರಡು ಕಾನೂನು ನೆನಪಿರಲಿ. ಒಂದು, ಪತ್ರದ ಕಾಗದ ನಿಮ್ಮದು, ಅದರೊಳಗಿನ ಬರಹದ ಹಕ್ಕು ಲೇಖಕರದ್ದು. ಭಾರತದಲ್ಲಿ ಅದು ಅವರು ತೀರಿದ ಮೇಲೂ ಕನಿಷ್ಠ 60 ವರ್ಷ ವಾರಸುದಾರರ ಹತ್ತಿರ ಇರುತ್ತದೆ. ಮಾರಾಟಕ್ಕೆ ಅಂತ ಪೂರ್ತಿ ಪತ್ರದ ಫೋಟೋ ಎಲ್ಲಾ ಕಡೆ ಹಾಕಬೇಡಿ. ಎರಡು, 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಸಾಹಿತ್ಯಿಕ ಅಥವಾ ಐತಿಹಾಸಿಕ ಮಹತ್ವದ ಹಸ್ತಪ್ರತಿ, ದಾಖಲೆಗಳು 75 ವರ್ಷ ದಾಟಿದರೆ ಪುರಾತನ ವಸ್ತು ಆಗುತ್ತವೆ. ಅಂಥದ್ದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಇಂಥದ್ದು ಕೈಗೆ ಸಿಕ್ಕರೆ ಮೊದಲು ವಕೀಲರನ್ನು ಕೇಳಿ.

ಪುಸ್ತಕದ ಸ್ಥಿತಿಯ ವಿಷಯ ನನಗೆ ನೋವಿನದು. ನಾನೇ ಮಾಡಿದ ತಪ್ಪು. ಹತ್ತು ವರ್ಷದ ಹಿಂದೆ, ಅಪ್ಪನಿಗೆ ಖುಷಿಯಾಗಲಿ ಅಂತ, ಬೆನ್ನು ಬಿಟ್ಟುಹೋಗಿದ್ದ ಒಂದು ಕವನ ಸಂಕಲನವನ್ನು ಬೈಂಡಿಂಗ್‌ಗೆ ಕೊಟ್ಟೆ. ವಾಪಸ್ ಬಂದಾಗ ಹಸಿರು ರೆಕ್ಸಿನ್ ಹೊದಿಕೆ, ಬಂಗಾರದ ಬಣ್ಣದ ಅಕ್ಷರ. ಚಂದ ಕಾಣುತ್ತಿತ್ತು. ಮೂಲ ಮುಖಪುಟ ಇರಲಿಲ್ಲ. ಮೂರೂ ಕಡೆ ಅಂಚು ಸಮ ಮಾಡಲು ಕತ್ತರಿಸಿದ್ದರು, ಸಹಿಯ ಕೊನೆಯ ಗೆರೆಯ ತುದಿ ಅದರ ಜೊತೆ ಹೋಗಿತ್ತು. ಅಪ್ಪ ಏನೂ ಅನ್ನಲಿಲ್ಲ. ಪುಸ್ತಕವನ್ನು ಎರಡು ಸಲ ತಿರುಗಿಸಿ ನೋಡಿ ಕಪಾಟಿನಲ್ಲಿಟ್ಟರು. ಬೈಂಡರ್‌ದು ತಪ್ಪಿಲ್ಲ, ಶಾಲೆಯ ರಿಜಿಸ್ಟರ್‌ಗೆ ಮಾಡುವ ಕೆಲಸವನ್ನೇ ಅವರು ಚೆನ್ನಾಗಿ ಮಾಡಿದ್ದರು. ಮೊದಲ ಮುದ್ರಣದಲ್ಲಿ ಮೂಲ ಹೊದಿಕೆಯೇ ಅರ್ಧ ಜೀವ. ಹರಿದಿದ್ದರೆ ಹರಿದ ಹಾಗೇ ಇರಲಿ. ಸೆಲೋಟೇಪ್ ಅಂತೂ ಹಚ್ಚಲೇಬೇಡಿ, ಕೆಲವು ವರ್ಷಕ್ಕೆ ಟೇಪ್ ಉದುರಿ ಹಳದಿ ಕಲೆ ಉಳಿಯುತ್ತದೆ. ಲ್ಯಾಮಿನೇಷನ್ ಬೇಡ. ಮಸುಕಾದ ಸಹಿಯ ಮೇಲೆ ಪೆನ್ನಾಡಿಸುವುದು ಬೇಡ, ಕೆಳಗೆ 'ಇದು ಇಂಥವರ ಸಹಿ' ಅಂತ ಬರೆಯುವುದೂ ಬೇಡ.

ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ ನಲವತ್ತು ಡಿಗ್ರಿ ದಾಟುವುದು ಮಾಮೂಲು. ಆ ಒಣ ಶಾಖಕ್ಕೆ ಅಗ್ಗದ ಕಾಗದ ಹಪ್ಪಳದ ಹಾಗೆ ಆಗುತ್ತದೆ. ಕಪಾಟನ್ನು ಪಡುವಣ ಗೋಡೆಗೆ ತಾಗಿಸಿ ಇಡಬೇಡಿ. ಕೆಂಪು ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆ ಕೂರುತ್ತದೆ, ಒಣ ಮೆತ್ತನೆ ಬ್ರಷ್ ಸಾಕು. ಗೆದ್ದಲಿಗೆ ಕಪಾಟಿನ ಕಾಲು ಗೋಡೆಯಿಂದ ನಾಲ್ಕು ಬೆರಳು ದೂರ ಇರಬೇಕು. ನುಸಿಗುಳಿಗೆಯನ್ನು ಹಾಳೆಯ ನಡುವೆ ಸಿಕ್ಕಿಸಬೇಡಿ.

ಗ್ರಂಥಾಲಯದ ಮೊಹರು ಇರುವ ಪುಸ್ತಕ ಸಿಕ್ಕರೆ ನಿಲ್ಲಿ. ಗ್ರಂಥಾಲಯವೇ ಅದನ್ನು ರದ್ದು ಮಾಡಿ ವಿಲೇವಾರಿ ಮಾಡಿದ ಗುರುತು ಇದ್ದರೆ ಸರಿ. ಇಲ್ಲದಿದ್ದರೆ ಅದು ವಾಪಸ್ ಕೊಡದೇ ಉಳಿದ ಪುಸ್ತಕ. ಅಪ್ಪನ ಕಪಾಟಿನಲ್ಲೂ ಅಂಥ ಒಂದಿತ್ತು. ಒಯ್ದು ಕೊಟ್ಟು ಬಂದೆ.

ಬೆಲೆ ಕಟ್ಟುವುದು ಹೇಗೆ? ಆನ್‌ಲೈನ್‌ನಲ್ಲಿ ಯಾರೋ ಐವತ್ತು ಸಾವಿರ ಅಂತ ಹಾಕಿರುತ್ತಾರೆ, ಮೂರು ವರ್ಷದಿಂದ ಅದು ಅಲ್ಲೇ ಇರುತ್ತದೆ. ಕೇಳಿದ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಹರಾಜಿನ ಫಲಿತಾಂಶ, ಮಾರಾಟ ಮುಗಿದ ಪಟ್ಟಿ, ಎರಡು-ಮೂರು ವ್ಯಾಪಾರಿಗಳ ಮಾತು, ಇವನ್ನು ನಂಬಿ. ಕನ್ನಡದ ಮಾರುಕಟ್ಟೆ ಸಣ್ಣದು. ಒಂದೇ ಪುಸ್ತಕಕ್ಕೆ ಇಬ್ಬರು ಗಟ್ಟಿ ಸಂಗ್ರಾಹಕರು ಇದ್ದರೆ ಬೆಲೆ ಏರುತ್ತದೆ, ಒಬ್ಬರೇ ಇದ್ದರೆ ಅವರು ಹೇಳಿದ್ದೇ ಬೆಲೆ.

ಹೆಸರಾಂತ ಕಾದಂಬರಿಗಿಂತ ಅದೇ ಲೇಖಕರ ಮೊದಲ ಪುಸ್ತಕಕ್ಕೆ ಕೆಲವೊಮ್ಮೆ ಹೆಚ್ಚು ಬೇಡಿಕೆ. ಅದು ಬಂದಾಗ ಅವರು ಯಾರಿಗೂ ಗೊತ್ತಿರಲಿಲ್ಲ, ಪ್ರತಿಗಳೂ ಕಮ್ಮಿ, ಜೋಪಾನ ಮಾಡಿದವರು ಇನ್ನೂ ಕಮ್ಮಿ. ಸಿಕ್ಕಸಿಕ್ಕವರಿಗೆಲ್ಲ ಪ್ರೀತಿಯಿಂದ ಸಹಿ ಹಾಕಿಕೊಟ್ಟ ಲೇಖಕರ ಸಹಿ ಸುಲಭವಾಗಿ ಸಿಗುತ್ತದೆ, ಹಾಗಾಗಿ ದೊಡ್ಡ ಹೆಸರಿದ್ದರೂ ಬೆಲೆ ಅಷ್ಟೇನೂ ಏರುವುದಿಲ್ಲ. ಪ್ರಶಸ್ತಿ ಬಂದ ಕೂಡಲೇ ಹುಡುಕುವವರು ಹೆಚ್ಚುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅವರ ಹಳೆಯ ಕಥಾಸಂಕಲನಗಳಿಗಾಗಿ ನನ್ನ ಗೆಳೆಯರೇ ಮನೆಯ ಅಟ್ಟ ಹುಡುಕಿದರು. ನಮ್ಮ ಭಾಗದವರನ್ನೂ ಮರೆಯಬೇಡಿ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ, ರಾಯಚೂರಿನ ಶಾಂತರಸ, ಕೊಪ್ಪಳದ ಸಿದ್ದಯ್ಯ ಪುರಾಣಿಕ, ಇವರ ಹಳೆಯ ಮುದ್ರಣಗಳಿಗೆ ಬೆಂಗಳೂರಿಗಿಂತ ಇಲ್ಲೇ ಪ್ರೀತಿಯಿಂದ ಕೊಳ್ಳುವವರು ಸಿಗುತ್ತಾರೆ ಅನ್ನುವುದು ನನ್ನ ಅನುಭವ.

ಎಲ್ಲಿ ಮಾರಬೇಕು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಬೆಂಗಳೂರಿನಲ್ಲಿ 1945ರಿಂದ ಇರುವ ಸೆಲೆಕ್ಟ್ ಬುಕ್ ಶಾಪ್‌ನಂಥ ಹಳೆ ಪುಸ್ತಕದ ಅಂಗಡಿಗಳಿವೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಆದರೆ ಅಬಿಡ್ಸ್‌ನ ಭಾನುವಾರದ ಫುಟ್‌ಪಾತ್ ಪುಸ್ತಕ ಕೊಳ್ಳಲು ಒಳ್ಳೆಯ ಜಾಗ, ಸಹಿ ಇರುವ ಕನ್ನಡ ಪುಸ್ತಕ ಮಾರಲು ಅಲ್ಲ. ವ್ಯಾಪಾರಿ ತಾನು ಮಾರುವ ಬೆಲೆಯ ಅರ್ಧಕ್ಕಿಂತ ಕಡಿಮೆ ಹೇಳಿದರೆ ಸಿಟ್ಟಾಗಬೇಡಿ. ಅಂಗಡಿ ಬಾಡಿಗೆ, ವರ್ಷಗಟ್ಟಲೆ ಕಾಯುವುದು, ಎಲ್ಲಾ ಅದರಲ್ಲಿದೆ. ಮಾರಿದ ಮೇಲೆ ಕಮಿಷನ್ ಹಿಡಿದು ಕೊಡಿ ಅಂತಲೂ ಕೇಳಬಹುದು, ಆಗ ಬರವಣಿಗೆಯಲ್ಲಿ ರಸೀದಿ ತೆಗೆದುಕೊಳ್ಳಿ. ನೇರವಾಗಿ ಸಂಗ್ರಾಹಕರಿಗೆ ಮಾರಿದರೆ ಜಾಸ್ತಿ ಸಿಗುತ್ತದೆ, ಸಮಯವೂ ಜಾಸ್ತಿ ಹೋಗುತ್ತದೆ. ಬಿಡಿಬಿಡಿಯಾಗಿ ಮಾರಲು ಮನಸ್ಸಿಲ್ಲದವರು ಹಂಪಿ ಕನ್ನಡ ವಿಶ್ವವಿದ್ಯಾಲಯದಂಥ ಕಡೆ ಮಾತಾಡಬಹುದು. ಮೊದಲೇ ಪಟ್ಟಿ ಕಳಿಸಿ, ಯಾವುದು ಬೇಕು, ಎಲ್ಲಿ ಇಡುತ್ತಾರೆ ಅಂತ ಕೇಳಿ.

ಫೋಟೋ ತೆಗೆಯುವಾಗ ಮುಖಪುಟ, ಬೆನ್ನು, ಶೀರ್ಷಿಕೆ ಪುಟದ ಎರಡೂ ಬದಿ, ಸಹಿ, ಮತ್ತು ಪ್ರತಿಯೊಂದು ಕಲೆಯೂ ಬರಲಿ. ತೂತಿದ್ದರೆ ತೂತು ತೋರಿಸಿ. ನಾನು ಕಲೆ ತೋರಿಸಿದ ಪುಸ್ತಕವೇ ಬೇಗ ಹೋಯಿತು. ದುಡ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕ್ಯೂಆರ್ ಕಳಿಸಿ, 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ದುಡ್ಡು ಬರುತ್ತೆ' ಅನ್ನುವವರಿದ್ದಾರೆ. ದುಡ್ಡು ಪಡೆಯಲು ಪಿನ್ ಯಾವತ್ತೂ ಬೇಡ. ಕಳಿಸುವಾಗ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಎರಡೂ ಕಡೆ ಪುಸ್ತಕಕ್ಕಿಂತ ಸ್ವಲ್ಪ ದೊಡ್ಡ ರಟ್ಟು ಇಟ್ಟು, ಆಮೇಲೆ ಡಬ್ಬಿಗೆ ಹಾಕಿ. ಮೂಲೆ ಜಜ್ಜಿದರೆ ಬೆಲೆ ಇಳಿಯುತ್ತದೆ.

ಐದನೆಯ ಪುಸ್ತಕ ಕೊಳ್ಳಲು ರಾಯಚೂರಿನಿಂದ ಒಬ್ಬ ಉಪನ್ಯಾಸಕರು ತಾವೇ ಬಸ್ಸಿನಲ್ಲಿ ಬಂದರು. ಸಹಿ ನೋಡಿದರು, ವಾಸನೆ ನೋಡಿದರು, ದುಡ್ಡು ಎಣಿಸಿ ಕೊಟ್ಟರು. ಆಮೇಲೆ ಅಮ್ಮನ ಕಡೆ ತಿರುಗಿ, "ಅಮ್ಮಾರೇ, ಇದು ಮನೆಗೆ ಹೆಂಗ ಬಂತು ಅಂತ ಹೇಳ್ತೀರೇನು, ಬರಕೋತೀನಿ" ಅಂದರು. ಅಮ್ಮನಿಗೆ 79. ಯಾವ ಮಳೆಗಾಲ, ಯಾರ ಸೈಕಲ್ ಮೇಲೆ ಹೋಗಿದ್ದರು, ಕವಿಗಳು ಯಾರ ಮನೆಯಲ್ಲಿ ಊಟ ಮಾಡಿದರು, ವಾಪಸ್ ಬಂದಾಗ ಪುಸ್ತಕ ನೆನೆಯದ ಹಾಗೆ ಅಪ್ಪ ಅಂಗಿಯೊಳಗೆ ಇಟ್ಟುಕೊಂಡಿದ್ದರು, ಎಲ್ಲಾ ಹೇಳಿದರು. ನನಗೆ ಅದರಲ್ಲಿ ಒಂದೂ ಗೊತ್ತಿರಲಿಲ್ಲ. ಅವರು ಬೇರೆ ಹಾಳೆಯಲ್ಲಿ ಬರೆದು, ಅಮ್ಮನ ಸಹಿ ಹಾಕಿಸಿ, ತಾರೀಖು ಹಾಕಿ, ಪುಸ್ತಕದ ಜೊತೆ ಇಟ್ಟುಕೊಂಡರು.

ಅವತ್ತಿನಿಂದ ಉಳಿದ ಆರಕ್ಕೂ ಅಂಥ ಹಾಳೆ ಬರೆಯುತ್ತಿದ್ದೇನೆ. ನಾಲ್ಕು ಆಗಿವೆ. ಐದನೆಯದು ಅಮ್ಮನಿಗೆ ಸರಿಯಾಗಿ ನೆನಪಿಲ್ಲ, ಸಿರುಗುಪ್ಪದಲ್ಲಿರುವ ಅಪ್ಪನ ಗೆಳೆಯರನ್ನು ಕೇಳು ಅಂದಿದ್ದಾರೆ. ಬರುವ ಭಾನುವಾರ ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದೇನೆ.